ನಕ್ಷೆಯಾಚೆಯ ಅರಸನ ಓಲೆಕಾರ

ಬುಧವಾರ, ಬೆಳಗಿನ ಐದೂವರೆ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರ ಹದಿನೇಳನೇ ಮಹಡಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಕ್ಯಾಮಿಲಸ್ ರೆಬೆಲ್ಲೊ ಕಿಟಕಿಯ ಪರದೆ ಸರಿಸುತ್ತಾರೆ. ಕೆಳಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ನೀರು ಇನ್ನೂ ಬೂದು ಬಣ್ಣದಲ್ಲಿದೆ. ಹಣೆಗೆ, ಎದೆಗೆ, ಹೆಗಲಿಗೆ ಬೆರಳು ಮುಟ್ಟಿಸಿ ಶಿಲುಬೆಯ ಗುರುತು ಮಾಡಿಕೊಂಡು ಅವರು ಪ್ರಿಂಟರಿನ ತಟ್ಟೆಯಿಂದ ಹಾಳೆಗಳ ಕಟ್ಟನ್ನು ಎತ್ತಿಕೊಳ್ಳುತ್ತಾರೆ. ಅರವತ್ತಮೂರು ಕಾಗದ. ಎಲ್ಲವೂ ಒಬ್ಬ ಅರಸನಿಂದ ಬಂದವು. ಆ ಅರಸನನ್ನು ಈ ಕಚೇರಿಯಲ್ಲಿ ಯಾರೂ ನೋಡಿಲ್ಲ, ನೋಡುವುದೂ ಇಲ್ಲ.

ಮೊದಲ ಕಾಗದ ಓದಿ ಕ್ಯಾಮಿಲಸ್ ನಗುತ್ತಾರೆ. ‘ನೀವು ಕಳಿಸಿದ ಇಪ್ಪತ್ತು ಕುದುರೆಗಳಲ್ಲಿ ಮೂರು ನಡೆಯುತ್ತವೆ, ಹದಿನೇಳು ನಿಂತಿವೆ. ನಿಂತ ಕುದುರೆಗೆ ಹುಲ್ಲು ನಿಮ್ಮ ಊರಿನಿಂದ ಬರುತ್ತದೆಯೋ?’ ಎಂದಿದೆ ಅದರಲ್ಲಿ. ಎರಡನೆಯದು ಎರಡೇ ಮಾತಿನದು: ‘ಬಾಲ ಬಂದಿದೆ. ಕುದುರೆ ಎಲ್ಲಿ?’ ಕಡಲಿನಲ್ಲಿ ಸತ್ತ ಕುದುರೆಗೂ ಬಾಲ ತೋರಿಸಿದರೆ ಬೆಲೆ ಸಿಗುತ್ತಿತ್ತೆಂದು ಐನೂರು ವರ್ಷ ಹಿಂದಿನ ಪೋರ್ಚುಗೀಸ್ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನಂತೆ. ಮೂರನೆಯ ಕಾಗದಕ್ಕೆ ಬಂದಾಗ ಅವರ ಹುಬ್ಬು ಗಂಟಾಗುತ್ತದೆ. ಕೆಂಪು ಪೆನ್ಸಿಲಿನಿಂದ ಒಂದು ಸಾಲನ್ನು ಹೊಡೆದು ಹಾಕುತ್ತಾರೆ.

“ಆಟಿ ತಿಂಗಳಲ್ಲಿ ನಮ್ಮ ಕಡಲಿಗೆ ದೋಣಿ ಇಳಿಸ್ತಾರಾ ಮಾರಾಯ್ರೆ? ಅಂಥ ಮಳೆಯಲ್ಲಿ ಈ ಹಡಗು ಬಂದದ್ದಾದ್ರೂ ಹೇಗೆ? ಇದು ತಪ್ಪು.”

ಕ್ಯಾಮಿಲಸ್ ಕೆಲಸ ಮಾಡುವುದು ಕಂಪ್ಯೂಟರ್ ಆಟಗಳನ್ನು ತಯಾರಿಸುವ ಸಣ್ಣ ಕಂಪನಿಯಲ್ಲಿ. ಈಗ ತಯಾರಾಗುತ್ತಿರುವುದು ಇತಿಹಾಸದ ಆಟ. ಆಡುವವರು ಐನೂರು ವರ್ಷ ಹಿಂದಿನ ಕೊಲ್ಲಿಯ ಒಂದು ಬಂದರಿನ ಒಡೆಯರಾಗಬೇಕು. ಹಡಗು ಕಟ್ಟಿಸಿ, ಮುತ್ತು ತೆಗೆಸಿ, ಕುದುರೆ ಮಾರಿ ಬಂದರನ್ನು ಬೆಳೆಸಬೇಕು. ಆಟದ ನಕ್ಷೆಯಲ್ಲಿ ಬಸ್ರಾ ಇದೆ, ಹೊರ್ಮುಜ್ ಇದೆ, ಮಸ್ಕತ್ ಇದೆ. ಮಸ್ಕತ್ ದಾಟಿ ಪೂರ್ವಕ್ಕೆ ಒಂದು ಗೇಣು ನೀಲಿ ಕಡಲು. ಅಲ್ಲಿಗೆ ನಕ್ಷೆ ಮುಗಿಯಿತು. ಆದರೆ ಕೊಲ್ಲಿಯ ಕುದುರೆಗಳನ್ನು ಹಡಗುಗಟ್ಟಲೆ ಕೊಳ್ಳುತ್ತಿದ್ದ ವಿಜಯನಗರ ಇರುವುದು ಆ ಗೆರೆಯ ಆಚೆ. ಅದನ್ನು ನಕ್ಷೆಗೆ ಸೇರಿಸಿದರೆ ಆಟ ಕೈಮೀರಿ ದೊಡ್ಡದಾಗುತ್ತದೆ. ಬಿಟ್ಟರೆ ಕುದುರೆ ಕೊಳ್ಳುವವರೇ ಇಲ್ಲ. ಹಾಗಾಗಿ ಆ ಸಾಮ್ರಾಜ್ಯ ಇರಬೇಕು, ಆದರೆ ಕಾಣಬಾರದು. ಅದನ್ನು ಬರೀ ಕಾಗದಗಳಲ್ಲಿ ಕಟ್ಟಿ ನಿಲ್ಲಿಸುವುದು ಕ್ಯಾಮಿಲಸರ ಪಾಲಿನ ಕೆಲಸ. ರಾತ್ರಿಯೆಲ್ಲ ಪರೀಕ್ಷೆಗೆಂದು ಯಂತ್ರ ತಾನೇ ಆಟವಾಡಿಕೊಂಡಿರುತ್ತದೆ. ಕ್ಯಾಮಿಲಸ್ ಬರೆದಿಟ್ಟ ಕಾಗದಗಳಿಂದ ಹೊತ್ತಿಗೆ ತಕ್ಕದ್ದನ್ನು ಆರಿಸಿ ಆಟದ ಬಂದರಿಗೆ ಕಳಿಸುತ್ತದೆ. ಹೊತ್ತು ತಪ್ಪಿದ್ದು ಯಾವುದು, ಮಾತು ತಪ್ಪಿದ್ದು ಯಾವುದು ಎಂದು ಅವರು ಬೆಳಿಗ್ಗೆ ಬಂದು ಹೆಕ್ಕುತ್ತಾರೆ.

ನಮ್ಮ ಹಳ್ಳಿಯ ಕಥೆಗಳಲ್ಲಿಯೂ ಅರಸ ಬಾಗಿಲಿಗೆ ಬರುತ್ತಿರಲಿಲ್ಲ. ಅವನ ಓಲೆಕಾರ ಬರುತ್ತಿದ್ದ. ಆ ಓಲೆಕಾರನ ಕಾಲಿನ ಧೂಳು, ಬಾಯಾರಿಕೆ, ಸೊಂಟದಿಂದ ಓಲೆ ಬಿಚ್ಚುವ ರೀತಿ, ಇಷ್ಟನ್ನು ಹೇಳಿದರೆ ಸಾಕು, ಕೇಳುತ್ತ ಕುಳಿತ ನಮಗೆ ಅರಮನೆ ಕಾಣುತ್ತಿತ್ತು. ಕಾಣದವನನ್ನು ಅವನು ಕಳಿಸಿಕೊಟ್ಟದ್ದರಿಂದಲೇ ತಿಳಿಯುವುದು ದೇವರನ್ನು ನಂಬಿದವರಿಗೆಲ್ಲ ರೂಢಿಯಾದ ಸಂಗತಿ. ಕ್ಯಾಮಿಲಸ್ ಇದನ್ನು ದೊಡ್ಡ ಮಾತಾಗಿ ಹೇಳುವುದಿಲ್ಲ. “ದೂರದಲ್ಲಿ ಇರುವವರು ಕಾಣುದಿಲ್ಲ. ಅವರ ಕಾಗದ ಬರ್ತದೆ. ಅಷ್ಟೆ,” ಎನ್ನುತ್ತಾರೆ.

ಈ ಕಾಗದಗಳು ಆಟದಲ್ಲಿ ಉಳಿಯುತ್ತವೆಯೇ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಬರುವ ಶನಿವಾರ ಹೊರಗಿನ ಹನ್ನೆರಡು ಮಂದಿ ಬಂದು ಆಟವಾಡಿ ನೋಡಲಿದ್ದಾರೆ. ಅವರಿಗೆ ಕಾಗದದ ಮನಸ್ಸು ತಿಳಿಯದಿದ್ದರೆ ಅರಸನ ಮೂರು ವರ್ಷದ ಬರಹವನ್ನೆಲ್ಲ ತೆಗೆದು, ನಕ್ಷೆಯ ಅಂಚಿನಲ್ಲಿ ಏರುವ ಇಳಿಯುವ ಒಂದು ಬಣ್ಣದ ಪಟ್ಟಿ ಇಡುವುದೆಂದು ಕಂಪನಿಯ ಮುಖ್ಯಸ್ಥೆ, ಹೈದರಾಬಾದಿನ ಫರ್ಝಾನ ಹೇಳಿದ್ದಾರೆ. ಪಟ್ಟಿ ಹಸಿರಿದ್ದರೆ ಸಾಮ್ರಾಜ್ಯ ಸುಖವಾಗಿದೆ, ಕೆಂಪಾದರೆ ಕಷ್ಟದಲ್ಲಿದೆ. ನೋಡಿದ ಕೂಡಲೇ ಯಾರಿಗೂ ತಿಳಿಯುತ್ತದೆ.

ಕ್ಯಾಮಿಲಸರಿಗೆ ಐವತ್ತೆಂಟು. ಊರು ಬಾರ್ಕೂರು. ಇಪ್ಪತ್ತನಾಲ್ಕನೇ ವಯಸ್ಸಿಗೆ, ಟೈಪಿಂಗ್ ಕಲಿತ ಎರಡು ಕೈಗಳನ್ನು ನಂಬಿ ಅಬುಧಾಬಿಗೆ ಬಂದವರು. ಈಗಲೂ ವೀಸಾದಲ್ಲಿ ಇರುವುದು ‘ಟೈಪಿಂಗ್ ಕ್ಲರ್ಕ್’ ಎಂದೇ. ಬನಿಯಾಸಿನ ಕೋಣೆಯಲ್ಲಿ ಮೂರು ಮುಕ್ಕಾಲಿಗೆ ಏಳುತ್ತಾರೆ, ಸ್ನಾನ ಮಾಡಿ ಜಪಮಾಲೆ ಹಿಡಿಯುತ್ತಾರೆ, ಮೊದಲ ಬಸ್ಸು ಹಿಡಿಯುತ್ತಾರೆ. ಎಂಟು ಗಂಟೆಯವರೆಗೆ ಅರಸನ ಕೆಲಸ. ಎಂಟರ ನಂತರ ಕಚೇರಿಯ ಕೆಲಸ: ನಲವತ್ತು ಮಂದಿಯ ವೀಸಾ ಕಾಗದ, ಕೊರಿಯರ್, ಪ್ಯಾಂಟ್ರಿಗೆ ಹಾಲಿನ ಪುಡಿ. ಇದುವರೆಗೆ ಅರಸನ ಹೆಸರಿನಲ್ಲಿ ಸಾವಿರದ ನೂರ ನಲವತ್ತು ಕಾಗದ ಬರೆದಿದ್ದಾರೆ. ಎಲ್ಲವನ್ನೂ ಮೊದಲು ಕನ್ನಡದಲ್ಲಿ, ಗೆರೆ ಎಳೆದ ಪುಸ್ತಕದಲ್ಲಿ, ಕೈಯಿಂದಲೇ ಬರೆಯುತ್ತಾರೆ. ಇಂಗ್ಲಿಷಿಗೂ ಅರಬಿಗೂ ತರುವವರು ಬೇರೆ. ಮೂಲ ಕನ್ನಡವನ್ನು ನೋಡಬೇಕೆಂದವರಿಗೆ ಆಟದಲ್ಲಿ ಒಂದು ಬಟನ್ ಉಂಟು.

ಊರಿನಲ್ಲಿರುವ ಹೆಂಡತಿ ಲವಿನಾಗೆ ಇದೆಲ್ಲ ತಮಾಷೆ. “ರಾಜನ ಕಾಗದ ಸಾವಿರ ಬರೀತಾರೆ, ನನಗೆ ‘ಊಟ ಆಯ್ತು’ ಅಂತ ಒಂದು ಮೆಸೇಜ್ ಹಾಕ್ಲಿಕ್ಕೆ ಅವರ ಬೆರಳು ನೋಯ್ತದೆ,” ಎಂದು ಫೋನಿನಲ್ಲಿ ದೂರುತ್ತಾರೆ. ಕ್ಯಾಮಿಲಸ್ ಆ ಮಾತನ್ನು ಕೇಳಿ ಸಂತೋಷಪಡುತ್ತಾರೆ. ಏಕೆಂದು ಆಮೇಲೆ ತಿಳಿಯುತ್ತದೆ.

ಈ ಕೆಲಸ ಅವರ ಕೈಗೆ ಬಂದದ್ದು ಆಕಸ್ಮಿಕವಾಗಿ. ಮೂರು ವರ್ಷದ ಹಿಂದೆ, ಆಟದ ವಿನ್ಯಾಸ ಮಾಡುವ ಸ್ಟೇಸಿಯ ಎಮಿರೇಟ್ಸ್ ಐಡಿ ನವೀಕರಣದ ಕಾಗದಕ್ಕೆ ಸಹಿ ಹಾಕಿಸಲು ಅವಳ ಮೇಜಿಗೆ ಹೋಗಿದ್ದರು. ಸ್ಟೇಸಿ ಅಬುಧಾಬಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ತಂದೆ ತಾಯಿ ಮಂಗಳೂರಿನ ಕಡೆಯವರು. ಪರದೆಯ ಮೇಲೆ ನಕ್ಷೆ, ನಕ್ಷೆಯ ಬಲ ಅಂಚಿನಲ್ಲಿ ನೆಟ್ಟಗೆ ನಿಂತ ಒಂದು ಕೆಂಪು ಪಟ್ಟಿ.

“ಇದೆಂತ, ಜ್ವರ ನೋಡುವ ಕಡ್ಡಿಯಾ?” ಎಂದು ಕ್ಯಾಮಿಲಸ್ ಕೇಳಿದರು.

“ನೋ ಅಂಕಲ್, ದಟ್ಸ್ ವಿಜಯನಗರ.”

“ವಿಜಯನಗರವಾ! ನಮ್ಮ ಬಾರ್ಕೂರನ್ನು ಆಳಿದವರು ಮಾರಾಯ್ತಿ ಅವರು. ನಿನ್ನ ಆಟದಲ್ಲಿ ಕಡ್ಡಿ ಆಗಿ ನಿಂತಿದ್ದಾರಾ?”

ಸ್ಟೇಸಿ ನಕ್ಕಳು. ಆಮೇಲೆ, “ಹಾಗಾದ್ರೆ ನೀವು ಹೇಳಿ ಅಂಕಲ್, ಕಾಣದೆ ಇರುವ ದೇಶವನ್ನು ಹೌ ಡು ಐ ಶೋ?” ಎಂದು ಕೇಳಿದಳು. ಕ್ಯಾಮಿಲಸ್ ಸಹಿಯ ಕಾಗದವನ್ನು ಅಲ್ಲೇ ಬಿಟ್ಟು ಹೋದರು. ಮರುದಿನ ಬೆಳಿಗ್ಗೆ ಅವಳ ಮೇಜಿನ ಮೇಲೆ, ಟೀ ಲೋಟದ ಕೆಳಗೆ, ಒಂದು ಹಾಳೆ ಇತ್ತು. ಅರಸನ ಮೊದಲ ಕಾಗದ. ಅದರಲ್ಲಿ ಅರಸ ಕುದುರೆ ಕೇಳಿದ್ದು ಒಂದೇ ಸಾಲಿನಲ್ಲಿ. ಉಳಿದ ಹನ್ನೊಂದು ಸಾಲು ಕಳೆದ ವರ್ಷದ ಕುದುರೆಗಳ ಬಗ್ಗೆ ಬೈಗುಳ.

“ಐ ಲಾಫ್ಡ್ ಸೋ ಮಚ್,” ಎನ್ನುತ್ತಾಳೆ ಸ್ಟೇಸಿ. “ನಮ್ಮ ಮಮ್ಮಿಯ ಅಮ್ಮ ಮಾತಾಡಿದ ಹಾಗೇ ಇತ್ತು. ಆ ದಿನವೇ ಕಡ್ಡಿ ತೆಗೆದೆ.”

ಕಾಣದ ಊರು ಕಾಗದದಲ್ಲಿ ಹೇಗೆ ಮಾತನಾಡುತ್ತದೆ ಎಂಬುದನ್ನು ಕ್ಯಾಮಿಲಸ್ ಯಾವ ಶಾಲೆಯಲ್ಲೂ ಕಲಿತದ್ದಲ್ಲ. ತೊಂಬತ್ತರ ದಶಕದಲ್ಲಿ ಅವರು ಮುಸಫ್ಫಾದ ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತ, ಬನಿಯಾಸಿನ ಕೂಲಿಕಾರರ ವಸತಿಯಲ್ಲಿ ಇದ್ದರು. ಶುಕ್ರವಾರ ಇಗರ್ಜಿಯಿಂದ ಬಂದ ಮೇಲೆ ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತರೆ, ಓದು ಬರಹ ಬಾರದವರು ಸಾಲುಗಟ್ಟುತ್ತಿದ್ದರು. ಗಾರೆಯವರು, ಬಡಗಿಗಳು, ಕಬ್ಬಿಣ ಬಗ್ಗಿಸುವವರು. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ, ತುಳು, ಬ್ಯಾರಿ ಭಾಷೆಯ ಕಾಗದಗಳು. ಓದಿ ಹೇಳುವುದು, ಉತ್ತರ ಬರೆದುಕೊಡುವುದು. ಒಂದೊಂದು ಶುಕ್ರವಾರಕ್ಕೆ ಇಪ್ಪತ್ತು, ಮೂವತ್ತು. ಹೀಗೆ ಹನ್ನೊಂದು ವರ್ಷ. ಪ್ರತಿಫಲವೆಂದರೆ ಒಂದು ಲೋಟ ಹಾಲಿಲ್ಲದ ಸುಲೈಮಾನಿ ಚಹಾ.

“ಮನೆಯ ಕಾಗದ ಅಂದ್ರೆ ಎಂತ ಗೊತ್ತುಂಟಾ?” ಎಂದು ಕೆಂಪು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವರು ಕೇಳುತ್ತಾರೆ. “ಮೊದಲ ಸಾಲು, ಇಲ್ಲಿ ಎಲ್ಲರೂ ಕ್ಷೇಮ. ಎರಡನೇ ಸಾಲಿನಿಂದ ಬೈಯ್ಲಿಕ್ಕೆ ಶುರು. ನೀನು ಕಳಿಸಿದ ಸೀರೆಯ ಬಣ್ಣ ಹೋಯ್ತು. ನಿನ್ನ ತಂಗಿಯ ಮದುವೆಗೆ ನೀನು ಬರ್ಲಿಲ್ಲ, ನಿನಗೆ ನಾಚಿಕೆ ಉಂಟಾ. ಆಚೆ ಮನೆಯ ಅಬ್ದುಲ್ಲ ಟಾರ್ಚ್ ಕಳಿಸಿದ್ದಾನೆ, ನೀನು ಎಂತ ಕಳಿಸಿದ್ದಿ. ಇಡೀ ಕಾಗದ ಹೀಗೇ! ಕೇಳ್ತಾ ಕೇಳ್ತಾ ಆ ಮನುಷ್ಯರ ಮುಖ ಅರಳುದು ನೀವು ನೋಡ್ಬೇಕಿತ್ತು. ಬೈದ್ರೆ ಎಲ್ಲ ಸರಿ ಉಂಟು ಅಂತ ಅರ್ಥ.”

ಅದನ್ನು ಅವರು ಪೂರಾ ಅರಿತುಕೊಂಡದ್ದು ತಾವೇ ಮಾಡಿದ ಒಂದು ತಪ್ಪಿನಿಂದ. ೧೯೯೬ರಲ್ಲಿ ಅದೇ ವಸತಿಯಲ್ಲಿ ಶಿರ್ವದ ಕಡೆಯ ಡೆನಿಸ್ ಎಂಬ ಬಡಗಿ ಇದ್ದರು. ಒಂದು ಭಾನುವಾರ ಊರಿನಿಂದ ಬಂದವರೊಬ್ಬರು ಡೆನಿಸರಿಗೆ ಕಾಗದ ತಂದುಕೊಟ್ಟರು. ಮರುದಿನ ಡೆನಿಸ್ ಎಂಟನೇ ಮಹಡಿಯ ಎತ್ತರಕ್ಕೆ ಕಟ್ಟಿದ ಸಾರುವೆಯ ಮೇಲೆ ಹತ್ತಬೇಕಿತ್ತು. ಕ್ಯಾಮಿಲಸ್ ಕಾಗದ ಬಿಡಿಸಿದರು. ತಾಯಿ ತೀರಿಕೊಂಡು ಒಂಬತ್ತು ದಿನವಾಗಿತ್ತು, ಮಣ್ಣೂ ಮುಗಿದಿತ್ತು, ತಂಗಿ ಬರೆದಿದ್ದಳು. ಈ ಸುದ್ದಿ ಹೊತ್ತುಕೊಂಡು ಮನುಷ್ಯ ಅಷ್ಟೆತ್ತರ ಹತ್ತಿದರೆ ಏನು ಗತಿ? ಶುಕ್ರವಾರ ಹೇಳಿದರಾಯಿತೆಂದು ಕ್ಯಾಮಿಲಸ್ ಅಲ್ಲಿ ಇಲ್ಲದ್ದನ್ನು ಓದಿದರು. ಎಲ್ಲರೂ ಕ್ಷೇಮ, ಅಮ್ಮ ಆರಾಮ, ಕೋಳಿ ಮರಿ ಮಾಡಿದೆ, ನೀನು ಚೆನ್ನಾಗಿರು.

ಡೆನಿಸ್ ಕೊನೆಯವರೆಗೆ ಕೇಳಿದರು. ಕಾಗದವನ್ನು ಇಸಿದುಕೊಂಡು ನಾಲ್ಕಾಗಿ ಮಡಚಿದರು. ಆಮೇಲೆ ಕೊಂಕಣಿಯಲ್ಲಿ ಕೇಳಿದರು: “ಅಮ್ಮ ಹೋದದ್ದು ಯಾವಾಗ?”

“ಒಂಬತ್ತು ದಿನ ಆಯ್ತು ಅಂದೆ,” ಎನ್ನುತ್ತಾರೆ ಕ್ಯಾಮಿಲಸ್. “ಆಮೇಲೆ ಅವನೇ ಹೇಳಿದ, ಅಮ್ಮ ಬೈಯದೆ ಇರುವ ಕಾಗದ ನನಗೆ ಇಷ್ಟು ವರ್ಷದಲ್ಲಿ ಒಂದೂ ಬಂದಿಲ್ಲ ಕ್ಯಾಮಿಲಸ್, ಅಂತ. ಸುಳ್ಳು ಓದುವಾಗ ನಾನು ಬೈಗುಳ ಹಾಕ್ಲಿಕ್ಕೆ ಮರ್ತಿದ್ದೆ. ಸತ್ತವರ ಬಾಯಿಂದ ಬೈಗುಳ ಬರೀಲಿಕ್ಕೆ ನನಗೆ ಮನಸ್ಸೇ ಬರ್ಲಿಲ್ಲ ಕಾಣ್ತದೆ. ಅವನ ಜೊತೆ ಕೂತು ಜಪ ಮಾಡಿದೆ. ಆವತ್ತಿನಿಂದ ಒಬ್ಬರ ಕಾಗದದಲ್ಲಿ ಒಂದು ಅಕ್ಷರ ಆಚೀಚೆ ಮಾಡ್ಲಿಲ್ಲ.”

ಮರುದಿನ ಡೆನಿಸ್ ಕೆಲಸಕ್ಕೆ ಹೋಗಲಿಲ್ಲ. ಫೋರ್‌ಮನ್‌ ಬಳಿ ಹೋಗಿ ಅವರ ಪರವಾಗಿ ಮಾತನಾಡಿದ್ದು ಕ್ಯಾಮಿಲಸ್.

ಆಮೇಲಿನ ದಿನಗಳು ಸುಲಭದವಾಗಿರಲಿಲ್ಲ. ಕೈಗೆ ಕೈಗೆ ಮೊಬೈಲ್ ಬಂತು, ಟ್ಯಾಂಕಿನ ನೆರಳು ಖಾಲಿಯಾಯಿತು. ಸರಕಾರದ ಅರ್ಜಿಗಳೆಲ್ಲ ಕಂಪ್ಯೂಟರಿಗೆ ಹೋದಾಗ ಟೈಪಿಂಗ್ ಸೆಂಟರ್ ಬಾಗಿಲು ಹಾಕಿತು. ವೀಸಾ ಮುಗಿಯಲು ಹನ್ನೊಂದು ದಿನ ಇರುವಾಗ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಇನ್ನೊಂದು, ಅಲ್ಲಿಂದ ಈ ಆಟದ ಕಂಪನಿ. ಬರೆಯುವ ಕೈ ಹದಿನೈದು ವರ್ಷ ಸುಮ್ಮನಿತ್ತು. “ದೇವರು ಮರೀಲಿಲ್ಲ,” ಎಂದಷ್ಟೇ ಹೇಳಿ ಅವರು ಮುಂದಿನ ಹಾಳೆಗೆ ಹೋಗುತ್ತಾರೆ.

ಡೆನಿಸ್ ಕಲಿಸಿದ್ದನ್ನು ಕ್ಯಾಮಿಲಸ್ ಆಟದೊಳಗೆ ಇಟ್ಟಿದ್ದಾರೆ. ೧೫೬೫ರಲ್ಲಿ ಸಾಮ್ರಾಜ್ಯ ಯುದ್ಧದಲ್ಲಿ ಸೋಲುತ್ತದೆ, ರಾಜಧಾನಿ ಹಾಳಾಗುತ್ತದೆ. ಆದರೆ ನಕ್ಷೆಯ ಆಚೆ ನಡೆದದ್ದು ಬಂದರಿನವರಿಗೆ ಕಾಣುವುದಿಲ್ಲ. ಮಳೆಗಾಲ ಮುಗಿದು ಕಡಲು ತೆರೆದಾಗ ಎಂದಿನಂತೆ ಒಂದು ಹಡಗು ಬರುತ್ತದೆ, ಅದರಲ್ಲಿ ಒಂದು ಕಾಗದ: ‘ಇಲ್ಲಿ ಸಮಸ್ತರೂ ಕ್ಷೇಮ. ನೀವು ಕಳಿಸಿದ ಕುದುರೆಗಳು ಬಹಳ ಚೆನ್ನಾಗಿವೆ. ಮುಂದಿನವನ್ನು ನಿಮ್ಮ ಅನುಕೂಲ ನೋಡಿ ಕಳಿಸಿರಿ, ಅವಸರವಿಲ್ಲ.’ ಅಷ್ಟೆ. ಬೈಗುಳವಿಲ್ಲ. ಇದನ್ನು ನಂಬಿ ಕುದುರೆ ತುಂಬಿಸಿ ಕಳಿಸಿದವರ ಹಡಗು ಕೊಳ್ಳುವವರಿಲ್ಲದ ಬಂದರಿನಲ್ಲಿ ನಿಂತುಬಿಡುತ್ತದೆ.

ಆಟವನ್ನು ಪರೀಕ್ಷಿಸಿ ದೋಷ ಹುಡುಕುವ ತೌಫೀಕ್ ಇದನ್ನು ಕಂಡದ್ದೇ ದೋಷಗಳ ಪಟ್ಟಿಗೆ ಸೇರಿಸಿದ್ದ. ಉಳ್ಳಾಲದ ಹುಡುಗ, ಬಾಯಿ ಬಹಳ ಚುರುಕು.

“ಅಂಕಲ್, ನಿಮ್ಮ ರಾಜ ಓಡಿ ಹೋಗಿ ಎಂಟು ತಿಂಗಳಾಯ್ತು. ಕಾಗದ ಮಾತ್ರ ‘ಎಲ್ಲರೂ ಕ್ಷೇಮ’ ಅಂತ ಬರ್ತಾ ಉಂಟು. ಬಗ್ ಇದು.”

“ಬಗ್ ಅಲ್ಲ ಮಾರಾಯ. ಅದು ಮರ್ಯಾದೆ.”

“ಮರ್ಯಾದೆಯಾ? ನನ್ನ ನಲವತ್ತು ಕುದುರೆ ಹೋಯ್ತಲ್ಲ!”

“ನೀನು ಕಾಗದ ಓದಿದ್ದಿಯಾ, ಬರೀ ನೋಡಿದ್ದಿಯಾ?”

ಜಗಳ ಫರ್ಝಾನ ಅವರ ಕೋಣೆ ತಲುಪಿತು. ಅವರು ಎರಡೂ ಕಡೆ ಕೇಳಿ ಹೇಳಿದ ತೀರ್ಪು ಸರಳ: ಹನ್ನೆರಡರಲ್ಲಿ ಆರು ಮಂದಿಯಾದರೂ ಆ ಕಾಗದ ಓದಿ ಕುದುರೆ ನಿಲ್ಲಿಸಬೇಕು. ಇಲ್ಲವಾದರೆ ಪಟ್ಟಿ. “ಅಂಕಲ್, ಖತ್ ತೋ ಖೂಬ್‌ಸೂರತ್ ಹೈ,” ಎಂದು ಅವರು ಕ್ಯಾಮಿಲಸರಿಗೆ ಹೇಳಿದರಂತೆ. “ಲೇಕಿನ್ ಲೋಗ್ ಸಮಝೇಂಗೇ ಕ್ಯಾ?” ಕಾಗದ ಚೆನ್ನಾಗಿದೆ, ಜನಕ್ಕೆ ತಿಳಿಯಬೇಕಲ್ಲ.

ಶನಿವಾರ ಬರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹನ್ನೊಂದು ಮಂದಿ ಬಂದು ಕೂರುತ್ತಾರೆ. ವಿದ್ಯಾರ್ಥಿಗಳು, ಬ್ಯಾಂಕಿನವರು, ಒಬ್ಬ ನರ್ಸ್. ಹನ್ನೆರಡನೆಯವರು ಬರುವುದಿಲ್ಲ. ತೌಫೀಕ್ ಫೋನು ಮಾಡಿ, ವಾರದ ರಜೆಗೆ ದುಬೈಯಿಂದ ತನ್ನ ಮನೆಗೆ ಬಂದಿದ್ದ ಸೋದರಮಾವ ಅಬೂಬಕ್ಕರ್ ಅವರನ್ನು ಕರೆಸುತ್ತಾನೆ. ರಾಸ್ ಅಲ್ ಖೋರ್‌ನಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿಯಲ್ಲಿ ಮೂವತ್ತೈದು ವರ್ಷ ಕೌಂಟರಿಗೆ ನಿಂತವರು ಅವರು. ಕಂಪ್ಯೂಟರ್ ಆಟ ಆಡಿದವರಲ್ಲ. ಒಂದೇ ಬೆರಳಿನಲ್ಲಿ ಮೌಸ್ ಒತ್ತುತ್ತಾರೆ. ಇಂಗ್ಲಿಷ್ ಬೇಡವೆಂದು ಕನ್ನಡದ ಬಟನ್ ಒತ್ತಿ ಕಾಗದಗಳನ್ನು ಗಟ್ಟಿಯಾಗಿ ಓದುತ್ತಾರೆ. ಆಡುವವರ ಹತ್ತಿರ ಹೋಗುವಂತಿಲ್ಲ, ಮಾತನಾಡುವಂತಿಲ್ಲ ಎಂಬ ಕಟ್ಟಳೆ ಇರುವುದರಿಂದ ಕ್ಯಾಮಿಲಸ್ ಪ್ಯಾಂಟ್ರಿಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಾರೆ.

‘ಬಾಲ ಬಂದಿದೆ. ಕುದುರೆ ಎಲ್ಲಿ?’ ಬಂದಾಗ ಅಬೂಬಕ್ಕರ್ ಹೊಟ್ಟೆ ಕುಲುಕಿಸಿ ನಗುತ್ತಾರೆ. “ಇಂಥ ಗಿರಾಕಿ ನನಗೂ ಇದ್ದಾನೆ ಅಜ್ಮಾನಿನಲ್ಲಿ! ಗೇರ್‌ಬಾಕ್ಸ್ ಕಳಿಸಿದ್ರೆ ಬೋಲ್ಟ್ ಕೇಳುವವ!”

ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಆಟ ಒಬ್ಬೊಬ್ಬರಲ್ಲಿ ೧೫೬೫ಕ್ಕೆ ಬರುತ್ತದೆ. ನರ್ಸ್ ಕಾಗದ ಓದಿ ತಲೆ ಅಲ್ಲಾಡಿಸಿ ಹಡಗು ನಿಲ್ಲಿಸುತ್ತಾಳೆ. ಬ್ಯಾಂಕಿನ ಇಬ್ಬರು ಓದದೆಯೇ ಕುದುರೆ ತುಂಬಿಸುತ್ತಾರೆ. ಸ್ಟೇಸಿ ಗೋಡೆಯ ಬೋರ್ಡಿನ ಮೇಲೆ ಗುರುತು ಹಾಕುತ್ತಾಳೆ. ಹನ್ನೊಂದು ಮಂದಿ ಮುಗಿದಾಗ ನಿಲ್ಲಿಸಿದವರು ಐದು, ಕಳಿಸಿದವರು ಆರು. ಉಳಿದವರು ಅಬೂಬಕ್ಕರ್ ಒಬ್ಬರೇ. ಅವರ ಬಂದರಿನಲ್ಲಿ ಎಪ್ಪತ್ತು ಕುದುರೆ ಹಡಗು ಹತ್ತಿ ನಿಂತಿವೆ.

ಕಾಗದ ಬರುತ್ತದೆ. ಅವರು ಗಟ್ಟಿಯಾಗಿ ಓದಲು ಶುರು ಮಾಡುತ್ತಾರೆ. ‘ನೀವು ಕಳಿಸಿದ ಕುದುರೆಗಳು ಬಹಳ ಚೆನ್ನಾಗಿವೆ’ ಎಂಬಲ್ಲಿಗೆ ಸ್ವರ ಇಳಿಯುತ್ತದೆ. ಇನ್ನೊಮ್ಮೆ ಮನಸ್ಸಿನಲ್ಲೇ ಓದುತ್ತಾರೆ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೊಮ್ಮೆ ಓದುತ್ತಾರೆ.

“ಇದು ನಮ್ಮ ರಾಜ ಬರೆದದ್ದಲ್ಲ,” ಎನ್ನುತ್ತಾರೆ ಯಾರಿಗೂ ಅಲ್ಲ ಎಂಬಂತೆ. “ಅಲ್ಲಿ ಏನೋ ಆಗಿದೆ. ಪಾಪ, ನಮಗೆ ಹೇಳ್ತಾ ಇಲ್ಲ.”

ಒಂದು ಬೆರಳಿನಲ್ಲಿ ಎಪ್ಪತ್ತು ಕುದುರೆಗಳನ್ನೂ ಒಂದೊಂದಾಗಿ ಹಡಗಿನಿಂದ ಇಳಿಸುತ್ತಾರೆ. ಎಲ್ಲವನ್ನೂ ಒಟ್ಟಿಗೆ ಇಳಿಸುವ ಬಟನ್ ಇರುವುದು ಅವರಿಗೆ ಗೊತ್ತಿಲ್ಲ. ಕಟ್ಟಳೆಯಂತೆ ಯಾರೂ ಹೇಳಿಕೊಡುವಂತಿಲ್ಲ. ಹತ್ತು ನಿಮಿಷ ಬೇಕಾಗುತ್ತದೆ. ಪ್ಯಾಂಟ್ರಿಯ ಬಾಗಿಲಲ್ಲಿ ಕ್ಯಾಮಿಲಸ್ ಮೌಸಿನ ಸದ್ದನ್ನು ಎಣಿಸುತ್ತಾರೆ. ಕೊನೆಯ ಕುದುರೆ ಇಳಿದಾಗ ಸ್ಟೇಸಿ ಬೋರ್ಡಿನ ಮೇಲೆ ಆರನೆಯ ಗುರುತು ಹಾಕುತ್ತಾಳೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಬೂಬಕ್ಕರ್ ಎದ್ದಿಲ್ಲ. ಖಾಲಿಯಾದ ಹಡಗಿಗೆ ಉಗ್ರಾಣದಿಂದ ನಲವತ್ತು ಚೀಲ ಖರ್ಜೂರ ಹತ್ತಿಸುತ್ತಿದ್ದಾರೆ. ಬೆಲೆಯ ಕಡೆ ಸೊನ್ನೆ ಒತ್ತುತ್ತಾರೆ. ತೌಫೀಕ್ ಕಟ್ಟಳೆಯನ್ನೂ ಮರೆತು ಕೂಗುತ್ತಾನೆ:

“ಮಾಮ, ಎಂತ ಮಾಡುದು ನೀವು? ಅದಕ್ಕೆ ಪಾಯಿಂಟ್ ಸಿಗುದಿಲ್ಲ!”

“ನೀನು ಸುಮ್ಮನೆ ಕೂತ್ಕೊ. ಕಷ್ಟ ಬಂದ ಮನೆಗೆ ಬರಿಗೈಯಲ್ಲಿ ಹೋಗ್ತಾರಾ? ಪಾಯಿಂಟ್ ನೋಡಿ ಹೋಗ್ತಾರಾ? ಯಲ್ಲಾ, ಹೊರಡ್ಲಿ.”

ಹಡಗು ಪೂರ್ವಕ್ಕೆ ತಿರುಗಿ, ಒಂದು ಗೇಣು ನೀಲಿ ದಾಟಿ, ನಕ್ಷೆಯ ಅಂಚಿನಲ್ಲಿ ಮರೆಯಾಗುತ್ತದೆ. ಅಬೂಬಕ್ಕರ್ ಎದ್ದು ಬಂದು ಕ್ಯಾಮಿಲಸರ ತಟ್ಟೆಯಿಂದ ಚಹಾ ತೆಗೆದುಕೊಳ್ಳುತ್ತಾರೆ. ಕರಾವಳಿಯ ಕ್ರೈಸ್ತರನ್ನು ನೆರೆಯವರು ಕರೆಯುವ ರೀತಿಯಲ್ಲೇ ಕೇಳುತ್ತಾರೆ, “ಪೊರ್ಬುಗಳೇ, ಈ ಕಾಗದ ಬರೆದದ್ದು ಯಾರು ಗೊತ್ತುಂಟಾ ನಿಮಗೆ? ಮನೆ ಬಿಟ್ಟು ಬಂದವನೇ ಬರ್ದಿರ್ಬೇಕು.”

“ಇಲ್ಲೇ ಒಬ್ಬ ಕ್ಲರ್ಕ್ ಬರೆದದ್ದು ಬ್ಯಾರಿಗಳೇ,” ಎನ್ನುತ್ತಾರೆ ಕ್ಯಾಮಿಲಸ್, ಕರಾವಳಿಯ ಮುಸ್ಲಿಮರನ್ನು ಕರೆಯುವ ರೀತಿಯಲ್ಲಿ. “ಸಕ್ಕರೆ ಸರಿ ಉಂಟಾ?”

ಫರ್ಝಾನ ಬಂದು ಬೋರ್ಡು ನೋಡುತ್ತಾರೆ. “ಆರು ಅಂದ್ರೆ ಆರು. ಖಲಾಸ್. ಖತ್ ರಹೇಗಾ,” ಎನ್ನುತ್ತಾರೆ. ಕಾಗದ ಉಳಿಯುತ್ತದೆ. ಪಟ್ಟಿಯ ಚಿತ್ರವನ್ನು ಸ್ಟೇಸಿ ತನ್ನ ಕಂಪ್ಯೂಟರಿನಿಂದ ಅಳಿಸಿ ಹಾಕುತ್ತಾಳೆ. ತೌಫೀಕ್ ಹಲ್ಲು ಕಿರಿಯುತ್ತ ಬಂದು, “ಬಗ್ ವಾಪಸ್ ತಕ್ಕೊಂಡೆ ಅಂಕಲ್. ಆದ್ರೆ ನನ್ನ ನಲವತ್ತು ಕುದುರೆ ನೀವು ಕೊಡ್ಬೇಕು,” ಎನ್ನುತ್ತಾನೆ. ಆಟದ ಕೊನೆಗೆ ಬರುವ ಹೆಸರುಗಳಲ್ಲಿ ತಮ್ಮನ್ನು ಏನೆಂದು ಹಾಕಬೇಕೆಂದು ಸ್ಟೇಸಿ ಕೇಳಿದಾಗ ಕ್ಯಾಮಿಲಸ್ ಯೋಚಿಸದೆ ಉತ್ತರಿಸುತ್ತಾರೆ: “ಟೈಪಿಂಗ್ ಕ್ಲರ್ಕ್ ಅಂತಲೇ ಹಾಕು. ವೀಸಾದಲ್ಲಿ ಇರುವುದೇ ಇರ್ಲಿ. ಒಳ್ಳೆ ಕೆಲಸ ಅದು.”

ಎಲ್ಲರೂ ಬ್ಯಾಗು ಎತ್ತಿಕೊಂಡು ಹೊರಟಿದ್ದಾರೆ. ಕ್ಯಾಮಿಲಸ್ ಮಾತ್ರ ಅಬೂಬಕ್ಕರ್ ಬಿಟ್ಟು ಹೋದ ಪರದೆಯ ಮುಂದೆ ಕುಳಿತಿದ್ದಾರೆ. ಆಟದಲ್ಲಿ ಋತು ಕಳೆದಿದೆ, ಹಡಗು ಖಾಲಿಯಾಗಿ ಮರಳಿದೆ. ಕಾಗದ ಬಂದಿಲ್ಲ. ಬರುವುದೂ ಇಲ್ಲ. ತಾವು ಬರೆದ ಸಾವಿರದ ನೂರ ನಲವತ್ತು ಕಾಗದಗಳಲ್ಲಿ ಎಲ್ಲೂ, ಕೇಳದೆ, ಬೆಲೆ ಹಾಕದೆ ಯಾರಾದರೂ ಏನಾದರೂ ಕಳಿಸಿಯಾರು ಎಂದು ಅವರು ಎಣಿಸಿರಲಿಲ್ಲ. ಕಿವಿಯಿಂದ ಪೆನ್ಸಿಲ್ ತೆಗೆದು, ಗೆರೆಯ ಪುಸ್ತಕದ ಹೊಸ ಹಾಳೆ ಬಿಡಿಸುತ್ತಾರೆ.

“ಅಂಕಲ್, ಲೀವ್ ಇಟ್,” ಎನ್ನುತ್ತಾಳೆ ಸ್ಟೇಸಿ ಬಾಗಿಲಲ್ಲಿ ನಿಂತು. “ಹಾಗೆ ಖರ್ಜೂರ ಕಳಿಸುವವರು ಸಾವಿರಕ್ಕೆ ಒಬ್ಬರು ಸಿಕ್ಕಿದ್ರೆ ಹೆಚ್ಚು.”

“ಆ ಒಬ್ಬನಿಗೆ ಉತ್ತರ ಹೋಗ್ಬೇಕಲ್ಲ ಮಾರಾಯ್ತಿ,” ಎನ್ನುತ್ತಾರೆ ಕ್ಯಾಮಿಲಸ್ ತಲೆ ಎತ್ತದೆ. “ಅವನು ಬಂದರಿನಲ್ಲಿ ಕಾಯ್ತಾ ಇರ್ತಾನೆ.”